ಕಚ್ಚಿದ್ದು ರಾಟ್‌ವೀಲರ್ ಅಲ್ಲ

ನನ್ನ ಬಲಗೈ ಹೆಬ್ಬೆರಳಿನ ಬುಡದಲ್ಲಿ ಒಂದು ಕಲೆ ಇದೆ. ನೋಡಿದವರೆಲ್ಲ ‘ನಿಮ್ಮ ಭೀಮನ ಕೆಲಸಾನಾ?’ ಅಂತ ಕೇಳುತ್ತಾರೆ. ಭೀಮ ನಮ್ಮನೆ ರಾಟ್‌ವೀಲರ್, ತೂಕ 48 ಕೆ.ಜಿ. ಪಾಪ, ಅವನಿಗೂ ಈ ಕಲೆಗೂ ಸಂಬಂಧವಿಲ್ಲ. ಕಚ್ಚಿದ್ದು ಲ್ಯಾಬ್ರಡಾರ್. ಮಕ್ಕಳು ಕಿವಿ ಹಿಡಿದು ಜಗ್ಗಿದರೂ ಸುಮ್ಮನಿರುತ್ತೆ ಅಂತ ಮರಿ ಮಾರುವವರು ಆಣೆ ಮಾಡಿ ಹೇಳುತ್ತಾರಲ್ಲ, ಅದೇ ಲ್ಯಾಬ್ರಡಾರ್.

ಮೈಸೂರಿನ ಹೊರವಲಯದಲ್ಲಿ ಹನ್ನೊಂದು ವರ್ಷದಿಂದ ನಾಯಿಗಳ ಬೋರ್ಡಿಂಗ್ ನಡೆಸುತ್ತಿದ್ದೇನೆ, ಜತೆಗೆ ಒಂದಿಷ್ಟು ಟ್ರೈನಿಂಗ್. ಆ ಲ್ಯಾಬ್ರಡಾರನ್ನು ದೀಪಾವಳಿಗೆ ಊರಿಗೆ ಹೊರಟವರು ಬಿಟ್ಟುಹೋಗಿದ್ದರು. ‘ಏನೂ ಮಾಡಲ್ಲ ಸರ್ ಅವನು’ ಅಂದಿದ್ದರು. ಈ ಮಾತು ಹೇಳದೆ ನಾಯಿ ಬಿಟ್ಟುಹೋದವರನ್ನು ನಾನಂತೂ ಇನ್ನೂ ನೋಡಿಲ್ಲ.

ಮೂರನೇ ದಿನ ಅದು ಮೂಲೆಯಲ್ಲಿ ಮೂಳೆ ಕಡಿಯುತ್ತಾ ಮಲಗಿತ್ತು. ಪಕ್ಕದಲ್ಲಿದ್ದ ನೀರಿನ ಬಟ್ಟಲು ತೆಗೆದುಕೊಳ್ಳೋಣ ಅಂತ ಬಗ್ಗಿದೆ. ಗುರ್ ಅನ್ನಲಿಲ್ಲ, ಹಲ್ಲು ತೋರಿಸಲಿಲ್ಲ. ಕಡಿಯುವುದನ್ನು ನಿಲ್ಲಿಸಿತು, ಅಷ್ಟೇ. ತಲೆ ಮೂಳೆಯ ಮೇಲೆ ತಗ್ಗಿತು, ಮೈ ಮರಗಟ್ಟಿದ ಹಾಗೆ ನಿಂತುಹೋಯಿತು, ಕಣ್ಣಿನ ಬಿಳಿ ಒಂದು ಪಕ್ಕ ಕಂಡಿತು. ಇಷ್ಟಕ್ಕೇ ನಾನು ಹಿಂದೆ ಸರಿಯಬೇಕಿತ್ತು. ಲ್ಯಾಬ್ ತಾನೇ ಅನ್ನುವ ಸದರ. ಕೈ ಮುಂದೆ ಹೋಯಿತು, ಹಲ್ಲು ಒಳಗೆ ಹೋಯಿತು.

ನಲ್ಲಿ ಕೆಳಗೆ ಕೈಯಿಟ್ಟು ಸೋಪು ಹಚ್ಚಿ ಗಡಿಯಾರ ನೋಡಿಕೊಂಡು ಹದಿನೈದು ನಿಮಿಷ ತೊಳೆದೆ. ನಾಯಿಗೆ ಲಸಿಕೆ ಆಗಿದ್ದರೂ ರೇಬೀಸ್ ವಿಷಯದಲ್ಲಿ ಚೌಕಾಸಿ ಇಲ್ಲ. ತೋಳಿಗೆ ಸೂಜಿ ಹಾಕಿಸಿಕೊಳ್ಳುತ್ತಾ ತಿಂಗಳು ಕಳೆಯಿತು. ಗಾಯಕ್ಕೆ ಡಾಕ್ಟರು ಹೊಲಿಗೆ ಹಾಕಲಿಲ್ಲ, ನಾಯಿ ಕಚ್ಚಿದ ಗಾಯವನ್ನು ಸಾಧ್ಯವಾದಷ್ಟು ತೆರೆದೇ ಬಿಡುತ್ತಾರಂತೆ.

ಅವತ್ತೇ ಸಂಜೆ ಮಾಲೀಕರಿಗೆ ಫೋನ್ ಮಾಡಿದೆ. ‘ಮೊದಲು ಊಟದ ಹತ್ರ ಹೋದ್ರೆ ಗುರ್ ಅಂತಿದ್ದ ಸರ್. ನಮ್ಮೆಜಮಾನ್ರು ಪೇಪರ್ ಸುತ್ತಿ ನಾಲ್ಕು ಬಿಟ್ಟು ಆ ಅಭ್ಯಾಸ ಬಿಡಿಸಿದ್ರು. ಈಗ ಏನೂ ಅನ್ನಲ್ಲ’ ಅಂದರು ಆಕೆ. ಸರಿಯಾಗಿಯೇ ಹೇಳಿದರು, ಈಗ ಏನೂ ಅನ್ನಲ್ಲ! ಗುರ್ ಅನ್ನುವುದು ನಾಯಿಯ ಹಾರ್ನು. ಹಾರ್ನ್ ಕಿತ್ತು ಬಿಸಾಕಿದರೆ ಗಾಡಿ ನಿಲ್ಲುವುದಿಲ್ಲ, ಸದ್ದಿಲ್ಲದೆ ಬಂದು ಗುದ್ದುತ್ತದೆ. ಅಂದಿನಿಂದ ನಮ್ಮ ಅರ್ಜಿಯಲ್ಲಿ ತಳಿ ಯಾವುದು ಅನ್ನುವುದಕ್ಕಿಂತ ಮೊದಲು ಇನ್ನೊಂದು ಪ್ರಶ್ನೆ ಇದೆ: ಯಾವಾಗ ಗುರ್ ಅನ್ನುತ್ತದೆ, ಆಗ ನೀವು ಏನು ಮಾಡುತ್ತೀರಿ?

ಭೀಮನನ್ನು ತಂದಾಗ ಅವನಿಗೆ ಒಂಬತ್ತು ವಾರ. ಎಂಟು ವಾರ ತುಂಬದ ಮರಿಯನ್ನು ಮಾರುವಂತಿಲ್ಲ ಅಂತ 2017ರ ನಿಯಮವೇ ಇದೆ. ಆದರೂ ತಿಂಗಳ ಮರಿಯನ್ನು ರಟ್ಟಿನ ಡಬ್ಬದಲ್ಲಿ ಹಾಕಿ ಕೊಡುವವರಿಗೆ ಬರವಿಲ್ಲ. ಮರಿ ಲೋಕವನ್ನು ಅರಿಯುವುದು ಹೆಚ್ಚುಕಡಿಮೆ ಮೂರನೇ ವಾರದಿಂದ ಹದಿನಾಲ್ಕನೇ ವಾರದೊಳಗೆ. ಆಗ ಕಂಡದ್ದಕ್ಕೆ ಹೆದರುವುದಿಲ್ಲ, ಕಾಣದ್ದನ್ನು ದೊಡ್ಡದಾದ ಮೇಲೂ ಅನುಮಾನದಿಂದಲೇ ನೋಡುತ್ತದೆ. ನನಗೆ ಉಳಿದಿದ್ದು ಐದು ವಾರ. ಇಂಜೆಕ್ಷನ್ ಪೂರ್ತಿ ಆಗಿರಲಿಲ್ಲ, ನೆಲಕ್ಕೆ ಬಿಟ್ಟರೆ ಪಾರ್ವೋ ಅನ್ನುವ, ಮರಿಗಳ ಜೀವ ತೆಗೆಯುವ ವೈರಸ್ ರೋಗದ ಭಯ. ಹಾಗಾಗಿ ಎತ್ತಿಕೊಂಡೇ ತಿರುಗಿದೆ. ದೇವರಾಜ ಮಾರ್ಕೆಟ್ಟಿನ ಹೂವಿನ ಸಾಲು, ಬಸ್‌ಸ್ಟ್ಯಾಂಡು, ಸ್ಕೂಲು ಬಿಡುವ ಹೊತ್ತಿನ ಗೇಟು. ಹೆಲ್ಮೆಟ್ ಹಾಕಿದವರು, ಕೊಡೆ ಹಿಡಿದವರು, ಬುರ್ಖಾ ತೊಟ್ಟವರು, ಕೋಲೂರಿಕೊಂಡು ಬರುವ ಅಜ್ಜಂದಿರು. ಯಾರೂ ಮುಟ್ಟಬೇಕಾಗಿಲ್ಲ, ಅವನು ನೋಡಿದರೆ ಸಾಕು. ನೋಡಿದ್ದಕ್ಕೆ ಒಂದು ಚೂರು ಬೇಯಿಸಿದ ಚಿಕನ್. ಹೂವಿನಂಗಡಿಯ ಅಕ್ಕ ಒಬ್ಬರು ‘ಕೂಸಿಗೆ ದೃಷ್ಟಿ ಆಗುತ್ತೆ, ಬೊಟ್ಟಿಡಪ್ಪಾ’ ಅಂದಿದ್ದರು.

ಊಟದ ಬಟ್ಟಲಿನ ಪಾಠ ಇನ್ನೂ ಸುಲಭ. ಯಾರು ಯಜಮಾನ ಅಂತ ತೋರಿಸಬೇಕು, ತಿನ್ನುವಾಗಲೇ ಬಟ್ಟಲು ಕಿತ್ತುಕೊಳ್ಳಬೇಕು ಅಂತ ಬಹಳ ಜನ ಹೇಳುತ್ತಾರೆ. ದಿನಾ ಊಟದ ಮಧ್ಯೆ ನಿಮ್ಮ ಎಲೆಯನ್ನು ಯಾರಾದರೂ ಎಳೆದರೆ ನೀವೇನು ಮಾಡುತ್ತೀರಿ? ನಾನು ಮಾಡಿದ್ದು ಇಷ್ಟು: ಭೀಮ ತಿನ್ನುತ್ತಿದ್ದಾಗ ಎರಡು ಮಾರು ದೂರದಿಂದ ಒಂದು ತುಂಡು ಲಿವರನ್ನು ಅವನ ಬಟ್ಟಲಿಗೆ ಎಸೆದು ನನ್ನ ಪಾಡಿಗೆ ಹೋಗುವುದು. ವಾರ ಕಳೆದಂತೆ ಒಂದೊಂದೇ ಹೆಜ್ಜೆ ಹತ್ತಿರ. ಮೂರನೇ ವಾರಕ್ಕೆ ನನ್ನ ಹೆಜ್ಜೆ ಸದ್ದು ಕೇಳಿದರೆ ಸಾಕು, ಬಟ್ಟಲು ಬಿಟ್ಟು ತಲೆಯೆತ್ತಿ ಬಾಲ ಆಡಿಸುತ್ತಿದ್ದ. ಮಝಲ್, ಅಂದರೆ ಎತ್ತಿನ ಬಾಯಿಗೆ ಹಾಕುವ ಕುಕ್ಕೆಯಂಥದ್ದು, ಅದನ್ನೂ ಮೊಸರು ಸವರಿ ಕಲಿಸಿದೆ. ಈಗ ತಾನೇ ಮೂತಿ ತೂರಿಸುತ್ತಾನೆ.

ಇಷ್ಟೆಲ್ಲ ಮಾಡಿದ್ದಕ್ಕೆ ತಳಿಯ ಗುಣ ಅಳಿಸಿಹೋಯಿತು ಅಂದರೆ ಸುಳ್ಳಾಗುತ್ತದೆ. ಜರ್ಮನಿಯ ರಾಟ್‌ವೈಲ್ ಊರಿನಲ್ಲಿ ಇವರ ಪೂರ್ವಜರು ದನ ಹೊಡೆಯುತ್ತಿದ್ದರು, ಕಟುಕರ ಗಾಡಿ ಎಳೆಯುತ್ತಿದ್ದರು. ಭೀಮ ಇವತ್ತಿಗೂ ನಮ್ಮನ್ನು ಭುಜದಿಂದ ತಳ್ಳಿಕೊಂಡೇ ಬಾಗಿಲು ದಾಟಿಸುವುದು. ಒಂದೂವರೆ ವರ್ಷ ತುಂಬುವ ಹೊತ್ತಿಗೆ, ಅಲ್ಲಿಯವರೆಗೆ ಕಂಡಕಂಡವರ ಕಾಲು ನೆಕ್ಕುತ್ತಿದ್ದವನು ಗೇಟಿನ ಹತ್ತಿರ ಬಂದ ಗಂಡಸರನ್ನು ಕಣ್ಣು ಮಿಟುಕಿಸದೆ ನೋಡಲು ಶುರು ಮಾಡಿದ. ಅದನ್ನು ನೋಡಿದ ವಾರವೇ ವೆಲ್ಡಿಂಗಿನವನನ್ನು ಕರೆಸಿ ಗೇಟಿನ ಒಳಗೆ ಇನ್ನೊಂದು ಗೇಟು ಹಾಕಿಸಿದೆ.

ಗೌರಿ ಬೇರೆಯೇ ಕಥೆ. ಅವಳು ಮುಧೋಳ, ಬಾಗಲಕೋಟೆ ಕಡೆಯ ಬೇಟೆನಾಯಿ. 2005ರಲ್ಲಿ ಅಂಚೆ ಚೀಟಿಯ ಮೇಲೆ ಬಂದ ತಳಿ, ಈಗ ಸೈನ್ಯಕ್ಕೂ ಹೋಗಿದೆ. ಮನೆಯಲ್ಲಿ ಇದ್ದಾಳೋ ಇಲ್ಲವೋ ಗೊತ್ತಾಗುವುದಿಲ್ಲ. ಹೊಸಬರು ಬಂದರೆ ಮಂಚದ ಕೆಳಗೆ. ಒಂದು ದಿನ ಗೇಟು ಅರ್ಧ ತೆರೆದಿತ್ತು, ಎದುರುಮನೆಯ ಕೋಳಿಗಳು ರಸ್ತೆ ದಾಟಿದವು. ನಾನು ‘ಗೌ’ ಅನ್ನುವಷ್ಟರಲ್ಲಿ ಒಂದು ಕೋಳಿ ಬಾಯಲ್ಲಿತ್ತು, ‘ರೀ’ ಅನ್ನುವಷ್ಟರಲ್ಲಿ ಇನ್ನೊಂದು. ಕೋಪವಿಲ್ಲ, ಬೊಗಳಾಟವಿಲ್ಲ. ಓಡುವುದನ್ನು ಕಂಡರೆ ಅಟ್ಟಿ ಹಿಡಿಯುವುದಕ್ಕೆಂದೇ ತಲೆತಲಾಂತರದಿಂದ ಆರಿಸಿ ಬೆಳೆಸಿದ ಮೈ ಅದು. ಎದುರುಮನೆಯ ಆಯಮ್ಮ ನನ್ನ ಜತೆ ಮಾತು ಬಿಟ್ಟು ಎರಡು ತಿಂಗಳಾಯಿತು. ಕೋಳಿಗೆ ದುಡ್ಡು ತೆಗೆದುಕೊಂಡರು, ಅದು ಬೇರೆ. ತಮಾಷೆ ಅಂದರೆ, ಬೀದಿಯಲ್ಲಿ ಇವತ್ತಿಗೂ ಗೌರಿ ‘ಸಾಧು’, ಭೀಮ ‘ಡೇಂಜರ್’.

2022ರಲ್ಲಿ ಅಮೆರಿಕದಲ್ಲಿ ಒಂದು ದೊಡ್ಡ ಅಧ್ಯಯನ ಬಂತು. 18,000ಕ್ಕೂ ಹೆಚ್ಚು ನಾಯಿಗಳ ನಡವಳಿಕೆಯನ್ನು ಮಾಲೀಕರಿಂದ ಕೇಳಿ, ಎರಡು ಸಾವಿರಕ್ಕೂ ಹೆಚ್ಚು ನಾಯಿಗಳ ಡಿಎನ್‌ಎ ಓದಿದ್ದರು. ಒಂದು ನಾಯಿಗೂ ಇನ್ನೊಂದಕ್ಕೂ ಇರುವ ಸ್ವಭಾವದ ವ್ಯತ್ಯಾಸದಲ್ಲಿ ತಳಿಯ ಪಾಲು ಸುಮಾರು 9 ಶೇಕಡಾ. ನಮ್ಮಲ್ಲಿಗೆ ಬರುವ ನಾಯಿಗಳನ್ನು ನೋಡಿದರೆ ನನಗೆ ಇದರಲ್ಲಿ ಆಶ್ಚರ್ಯವಿಲ್ಲ. ಆದರೆ ಇದನ್ನೇ ಹಿಡಿದುಕೊಂಡು ‘ಎಲ್ಲ ನಾಯಿಯೂ ಒಂದೇ’ ಅನ್ನುವವರನ್ನೂ ನಾನು ಒಪ್ಪುವುದಿಲ್ಲ. ಪೊಮೇರಿಯನ್ ತಪ್ಪು ಮಾಡಿದರೆ ಬ್ಯಾಂಡೇಜು, ಭೀಮ ತಪ್ಪು ಮಾಡಿದರೆ ಆಪರೇಷನ್ನು. ಕಚ್ಚುತ್ತದೋ ಇಲ್ಲವೋ ಅನ್ನುವುದನ್ನು ತಳಿ ಹೇಳುವುದಿಲ್ಲ. ಕಚ್ಚಿದರೆ ಏನಾದೀತು ಅನ್ನುವುದನ್ನು ಚೆನ್ನಾಗಿಯೇ ಹೇಳುತ್ತದೆ.

2024ರ ಮಾರ್ಚ್ 12ರಂದು ಕೇಂದ್ರದಿಂದ ಸುತ್ತೋಲೆ ಬಂತು: ಪಿಟ್‌ಬುಲ್, ರಾಟ್‌ವೀಲರ್ ಸೇರಿ 23 ತಳಿಗಳ ಮಾರಾಟ, ಸಾಕಣೆಗೆ ಅನುಮತಿ ಕೊಡಬೇಡಿ, ಇರುವುದಕ್ಕೆ ಸಂತಾನಹರಣ ಮಾಡಿಸಿ ಅಂತ. ಪಟ್ಟಿಯಲ್ಲಿದ್ದ ಎಷ್ಟೋ ತಳಿಗಳನ್ನು ನಾನು ಕಣ್ಣಲ್ಲೂ ಕಂಡಿರಲಿಲ್ಲ. ಫೋನು ಬಿಡುವಿಲ್ಲದೆ ಹೊಡೆದುಕೊಂಡಿತು. ಒಂದು ಬೆಳಿಗ್ಗೆ ನಮ್ಮ ಗೇಟಿಗೇ ಯಾರೋ ಒಂದು ಹೆಣ್ಣು ರಾಟ್‌ವೀಲರನ್ನು ಕಟ್ಟಿಹೋಗಿದ್ದರು. ಪಕ್ಕದಲ್ಲಿ ಅದರ ಬಟ್ಟಲು, ಅರ್ಧ ಚೀಲ ಫುಡ್ಡು. ಸಂಬಂಧಪಟ್ಟವರ ಮಾತು ಕೇಳದೆ ಹೊರಡಿಸಿದ್ದು ಅಂತ ಏಪ್ರಿಲ್ 10ರಂದು ನಮ್ಮ ಹೈಕೋರ್ಟು ಸುತ್ತೋಲೆಯನ್ನು ರದ್ದು ಮಾಡಿತು. ನಾಯಿ ಬಿಟ್ಟುಹೋದವರು ವಾಪಸ್ ಬರಲಿಲ್ಲ. ವರ್ಷಗಟ್ಟಲೆ ಸರಪಳಿಯಲ್ಲೇ ಇದ್ದದ್ದಿರಬೇಕು, ಕತ್ತಿನ ಸುತ್ತ ಕೂದಲೇ ಇರಲಿಲ್ಲ. ಅವಳ ಹತ್ತಿರ ನಾನು ಕೂರಲು ಎರಡು ವಾರ ಬೇಕಾಯಿತು. ಈಗ ಅವಳು ತೋಟವೊಂದರಲ್ಲಿ, ಮಕ್ಕಳಿಲ್ಲದ ದಂಪತಿಯ ಜತೆ ಇದ್ದಾಳೆ. ಮಕ್ಕಳಿರುವ ಮನೆಯವರೂ ಕೇಳಿದ್ದರು, ನಾನೇ ಕೊಡಲಿಲ್ಲ.

ಭೀಮನಿಗೆ ಈಗ ಎಂಟು ವರ್ಷ, ಹಿಂಗಾಲು ಎಳೆಯುತ್ತಾನೆ. ಗ್ಯಾಸ್ ಸಿಲಿಂಡರಿನ ಹುಡುಗ ಹೊರಗಡೆಯಿಂದಲೇ ‘ಏನಪ್ಪಾ ಭೀಮಣ್ಣ’ ಅಂತ ಬಿಸ್ಕೆಟ್ ಎಸೆಯುತ್ತಾನೆ, ಇವನು ಬಾಲ ಆಡಿಸಿಕೊಂಡು ತಿನ್ನುತ್ತಾನೆ. ‘ಒಳಗೆ ಬರ್ಲಾ ಸಾರ್, ಏನೂ ಮಾಡಲ್ಲ ಅಲ್ವಾ?’ ಅಂತ ಹೋದ ತಿಂಗಳು ಕೇಳಿದ. ‘ಸಿಲಿಂಡರ್ ಅಲ್ಲೇ ಇಡಪ್ಪಾ’ ಅಂದು ಒಳಗೇಟಿನ ಚಿಲಕ ನೋಡಿಕೊಂಡು ನಾನೇ ಹೊರಗೆ ಹೋಗಿ ಎತ್ತಿಕೊಂಡು ಬಂದೆ.