‘ಇಷ್ಟ ಬಂದಂತೆ ಕುಣಿಯಿರಿ’ ಎನ್ನಬೇಡಿ: ತರಗತಿಯಲ್ಲಿ ತಾಳ ಮತ್ತು ಚಲನೆ

30 ಮಕ್ಕಳ ಮುಂದೆ ಹಾಡು ಹಾಕಿ ‘ಇಷ್ಟ ಬಂದಂತೆ ಕುಣಿಯಿರಿ’ ಎಂದರೆ ನಾಲ್ಕೈದು ಮಂದಿ ಓಡಿ ಡಿಕ್ಕಿ ಹೊಡೆಯುತ್ತಾರೆ, ಉಳಿದವರು ಗೋಡೆ ಹಿಡಿದು ನಿಲ್ಲುತ್ತಾರೆ. ‘8 ಎಣಿಕೆ, ಭುಜ ಮಾತ್ರ ಆಡಬೇಕು’ ಎಂದು ನೋಡಿ, ನಾಚುವ ಮಗುವೂ ಏನೋ ಒಂದು ಮಾಡುತ್ತದೆ. ಆಯ್ಕೆ ಕಿರಿದಾದಷ್ಟೂ ಮಕ್ಕಳು ಬಿಚ್ಚಿಕೊಳ್ಳುತ್ತಾರೆ.

ಬೆಂಚುಗಳನ್ನು ಬದಿಗೆ ಸರಿಸಿ. ಒಂದು ಡ್ರಮ್ ಸಾಕು, ಇಲ್ಲದಿದ್ದರೆ ಮೇಜು ಬಡಿದರೂ ಆದೀತು. ಮೊದಲು ಕಲಿಸಬೇಕಾದದ್ದು ನಿಲ್ಲುವುದನ್ನು: ಬಡಿತ ನಿಂತೊಡನೆ ಎಲ್ಲರೂ ಬೊಂಬೆಯಾಗಬೇಕು. ಜೊತೆಗೆ ಕೈಯನ್ನೂ ಮೇಲೆತ್ತಿ. ಕಿವಿ ಕೇಳದ ಮಗುವಿಗೂ, ಭಾಷೆ ಬಾರದ ಮಗುವಿಗೂ ಅದೇ ಸೂಚನೆ. ಇದು ಕೈಗೂಡುವವರೆಗೆ ಮುಂದೆ ಹೋಗಬೇಡಿ.

ವೃತ್ತದಲ್ಲಿ ನಿಲ್ಲಿಸಿ. ಪ್ರತಿಯೊಬ್ಬರೂ ತಮ್ಮ ಹೆಸರು ಹೇಳುತ್ತಾ ಒಂದು ಚಲನೆ ಮಾಡಲಿ, ಎಲ್ಲರೂ ಅದನ್ನೇ ಮರಳಿ ಮಾಡಲಿ. ಹೆಸರು ನಾಲಿಗೆಗೆ ಹೊರಳದಿದ್ದರೆ ಮಗುವನ್ನೇ ಮತ್ತೆ ಕೇಳಿ, ಮೊಟಕು ಮಾಡಬೇಡಿ. ‘ಈಗ ಬೇಡ’ ಎನ್ನುವ ಹಕ್ಕು ಎಲ್ಲರಿಗೂ ಇರಲಿ.

ಆಮೇಲೆ ಪ್ರಶ್ನೋತ್ತರ. ನೀವು 4 ಎಣಿಕೆಯ ಚಪ್ಪಾಳೆ ತಟ್ಟಿ, ಮಗು ಬೇರೆಯೇ 4 ಎಣಿಕೆಯಲ್ಲಿ ಉತ್ತರಿಸಲಿ. ಕೆಲವು ದಿನ ಬರೀ ಪ್ರತಿಧ್ವನಿ ಮಾಡಿಸಿ, ಸ್ವಂತ ಉತ್ತರ ನಂತರ. ವೇಗ ನಿಮಿಷಕ್ಕೆ 100 ಬಡಿತದ ಆಸುಪಾಸು ಇರಲಿ. ನಿಧಾನ ಮಾಡಿದರೆ ಸುಲಭ ಎಂದುಕೊಳ್ಳುತ್ತೇವೆ, ಆದರೆ ಎರಡು ಬಡಿತಗಳ ನಡುವೆ ಮೈಯನ್ನು ತಡೆದಿಡುವುದೇ ಚಿಕ್ಕವರಿಗೆ ಕಷ್ಟ.

ಚಲನೆಗೆ ಬಂದಾಗ ಭಾವನೆಯ ಹೆಸರು ಹೇಳಬೇಡಿ. ‘ದುಃಖ ತೋರಿಸಿ’ ಎಂದರೆ ಇಡೀ ತರಗತಿ ಕಣ್ಣೊರೆಸಿಕೊಳ್ಳುತ್ತದೆ. ಚಲನೆಯನ್ನು ಭಾರ, ಕಾಲ, ಜಾಗ, ಹರಿವು ಎಂದು ಬಿಡಿಸಿ ನೋಡಿದ ನೃತ್ಯ ಚಿಂತಕ ರುಡಾಲ್ಫ್ ಲಾಬಾನ್ ಇಲ್ಲಿ ನೆರವಿಗೆ ಬರುತ್ತಾರೆ. ‘ಭಾರವಾಗಿ, ನಿಧಾನವಾಗಿ ನಡೆಯಿರಿ’, ‘ಹಗುರವಾಗಿ, ತಟ್ಟನೆ ತಿರುಗಿ’ ಎನ್ನಿ. ಹಿನ್ನೆಲೆಗೆ ಸಾಹಿತ್ಯವಿಲ್ಲದ ಸಂಗೀತ ಒಳ್ಳೆಯದು. ಪದಗಳಿದ್ದರೆ ಮಕ್ಕಳು ಪದವನ್ನೇ ಅಭಿನಯಿಸುತ್ತಾರೆ. ನೀವೇ ಮೊದಲು ಮಾಡಿ ತೋರಿಸಿದಿರೋ, 30 ನಕಲುಗಳು ಸಿಗುತ್ತವೆ. ತೋರಿಸಲೇಬೇಕಿದ್ದರೆ ಮೂರು ಬೇರೆ ಬೇರೆ ರೀತಿ ತೋರಿಸಿ.

ಗಾಲಿಕುರ್ಚಿಯ ಮಗುವಿದ್ದರೆ ‘ನಡೆಯಿರಿ’ ಬದಲು ‘ಸಾಗಿ’ ಎನ್ನಿ. ಕೈ, ತಲೆ, ಚಕ್ರ ಎಲ್ಲವೂ ಚಲನೆಯೇ. ಸದ್ದು ಸಹಿಸದ ಮಗುವಿಗೆ ಡ್ರಮ್ಮನ್ನೇ ಕೊಡಿ: ಸದ್ದು ಯಾವಾಗ, ಎಷ್ಟು ಎಂಬುದು ತನ್ನ ಕೈಯಲ್ಲಿದ್ದರೆ ಹೆದರಿಕೆ ಇಳಿಯುವುದುಂಟು. ಆಗಲೂ ಒಂದು ಶಾಂತ ಮೂಲೆ ಇರಲೇಬೇಕು. ಮುಟ್ಟುವುದು ಒಲ್ಲದವರ ಜೋಡಿಗೆ ನಡುವೆ ಹಿಡಿಯಲು ಒಂದು ಬಟ್ಟೆತುಂಡು ಸಾಕು. ಕುಣಿತ ಬೇಡವೆನ್ನುವ ಮನೆಯ ಮಗುವಿಗೆ ತಾಳ ಹಾಕುವ ಕೆಲಸ ಕೊಡಿ, ಕಾರಣ ಕೆದಕಬೇಡಿ.

‘ಶಭಾಷ್’ ಎಂದು ಒಬ್ಬರನ್ನು ಹೊಗಳಿದರೆ ಮುಂದಿನವರೆಲ್ಲ ಅದನ್ನೇ ಮಾಡುತ್ತಾರೆ. ಕಂಡದ್ದನ್ನಷ್ಟೇ ಹೇಳಿ: ‘ಕೊನೆಯ ಬಡಿತಕ್ಕೆ ನೀನು ಕುಳಿತೆ.’