ಕೋಲಾರದ ಮೇಜಿನ ಮೇಲೆ ಒಂದು ಬ್ಲೇಜಾರಿನ ಏರಿಳಿತ: ನನ್ನ ಅನುಭವ

ಭೂಮಿಯನ್ನು ಸುತ್ತುತ್ತಿರುವ ಫರ್ಮಿ ಗಾಮಾ ಕಿರಣ ದೂರದರ್ಶಕದ ದತ್ತಾಂಶವನ್ನು ನನ್ನ ಹಳೆಯ ಲ್ಯಾಪ್‌ಟಾಪಿನಲ್ಲೇ ವಿಶ್ಲೇಷಿಸುತ್ತೇನೆಂದು ಹೇಳಿದಾಗ, ಹಿರಿಯ ಸಹೋದ್ಯೋಗಿಯೊಬ್ಬರು, "ಮೇಡಂ, ಇದು ಕೋಲಾರದಲ್ಲಿ ಕೂತು ಆಗುವ ಕೆಲಸವಲ್ಲ" ಎಂದಿದ್ದರು. 1965ರಲ್ಲಿ ವಾಯುಮಂಡಲದ ನ್ಯೂಟ್ರಿನೊಗಳೆಂಬ, ಹಿಡಿಯಲು ಬಲು ಕಷ್ಟವಾದ ಸೂಕ್ಷ್ಮ ಕಣಗಳ ಜಾಡು ಸಿಕ್ಕಿದ್ದು ಇದೇ ಜಿಲ್ಲೆಯ ಚಿನ್ನದ ಗಣಿಯ ಆಳದಲ್ಲಿ ಎಂದು ಅವರಿಗೆ ನೆನಪಿಸಿ ನಾನು ಕೆಲಸಕ್ಕೆ ಕುಳಿತೆ.

ನಾನು ಆರಿಸಿಕೊಂಡದ್ದು 3ಸಿ 454.3 ಎಂಬ ಬ್ಲೇಜಾರ್, ಅಂದರೆ ನಡುವಿನ ಕಪ್ಪುಕುಳಿಯ ಬಳಿಯಿಂದ ಚಿಮ್ಮುವ ಧಾರೆ ನಮ್ಮತ್ತ ಮುಖಮಾಡಿರುವ ದೂರದ ಗೆಲಾಕ್ಸಿ. 2010ರ ನವೆಂಬರಿನಲ್ಲಿ ಅದು ಸದಾ ಪ್ರಖರವಾಗಿರುವ ವೇಲಾ ಪಲ್ಸಾರನ್ನೂ (ಪಲ್ಸಾರ್ ಎಂದರೆ ವೇಗವಾಗಿ ತಿರುಗುತ್ತಾ ಮಿಡಿಯುವ ನ್ಯೂಟ್ರಾನ್ ನಕ್ಷತ್ರ) ಮೀರಿ ಬೆಳಗಿತ್ತು. ಆ ಏರಿಕೆಯನ್ನು ದಿನದಿಂದ ದಿನಕ್ಕೆ ನಾನೇ ಅಳೆಯಬೇಕೆಂಬುದು ನನ್ನ ಹಟವಾಗಿತ್ತು.

ಮೊದಲ ಎರಡು ತಿಂಗಳು ಪೂರ್ತಿ ನಷ್ಟ. ಕಡತ ಚಿಕ್ಕದಾಗಲೆಂದು 5 ಡಿಗ್ರಿ ತ್ರಿಜ್ಯದ ಆಕಾಶವನ್ನಷ್ಟೇ ತೆಗೆದುಕೊಂಡಿದ್ದೆ. ಆದರೆ 100 ಮೆಗಾ ಎಲೆಕ್ಟ್ರಾನ್ ವೋಲ್ಟ್ ಶಕ್ತಿಯ ಫೋಟಾನು (ಬೆಳಕಿನ ಕಣ) ಬಂದ ದಿಕ್ಕೇ ಕೆಲವು ಡಿಗ್ರಿಗಳಷ್ಟು ಆಚೀಚೆ ಆಗುವುದರಿಂದ, ಸುಮಾರು 7 ಡಿಗ್ರಿ ದೂರದಲ್ಲಿರುವ ಸಿಟಿಎ 102 ಎಂಬ ಮತ್ತೊಂದು ಬ್ಲೇಜಾರಿನ ಬೆಳಕು ನನ್ನ ಲೆಕ್ಕದೊಳಗೆ ಸೋರಿಕೊಳ್ಳುತ್ತಿತ್ತು. ಪರೀಕ್ಷೆಗೆಂದು 2016ರ ಡಿಸೆಂಬರನ್ನು ಓಡಿಸಿದಾಗ, ಸಿಟಿಎ 102 ಉರಿಯುತ್ತಿದ್ದ ಆ ದಿನಗಳಲ್ಲಿ ನನ್ನ ಬ್ಲೇಜಾರೂ ಸುಳ್ಳೇ ಏರಿತು. ದೋಷ ಹೊಳೆದದ್ದು ಆಗಲೇ. ತ್ರಿಜ್ಯವನ್ನು 15 ಡಿಗ್ರಿಗೆ ಹಿಗ್ಗಿಸಿ, ನೆರೆಯ ಮೂಲಗಳನ್ನೆಲ್ಲ ಮಾದರಿಗೆ ಸೇರಿಸಿದ ಮೇಲೆ ಮೆಮೊರಿ ಸಾಲದಾಯಿತು. ರ‍್ಯಾಮ್, ಹೊರಗಿನ ಹಾರ್ಡ್ ಡಿಸ್ಕ್ ಮತ್ತು ಯುಪಿಎಸ್‌ಗೆ ಒಟ್ಟು ಹದಿನಾಲ್ಕು ಸಾವಿರ ರೂಪಾಯಿಯ ಆಸುಪಾಸು ಖರ್ಚಾಯಿತು. ರಾತ್ರಿ ಕರೆಂಟು ಹೋಗಿ ಮೂರು ಬಾರಿ ಲೆಕ್ಕ ಅರ್ಧಕ್ಕೇ ನಿಂತದ್ದರಿಂದ ಯುಪಿಎಸ್ ಇಲ್ಲದೆ ವಿಧಿಯಿರಲಿಲ್ಲ.

ಇನ್ನೊಂದು ತಪ್ಪು, ಒಂದೇ ದಿನದ ಅಲ್ಪಸ್ವಲ್ಪ ಫೋಟಾನುಗಳ ಮೇಲೆ ಎಲ್ಲ ಮೂಲಗಳ ಎಲ್ಲ ಅಂಕಿಗಳನ್ನೂ ಸಡಿಲ ಬಿಟ್ಟದ್ದು. ಫಿಟ್, ಅಂದರೆ ಮಾದರಿಯನ್ನು ದತ್ತಾಂಶಕ್ಕೆ ಹೊಂದಿಸುವ ಲೆಕ್ಕ, ಒಮ್ಮೆಯೂ ನೆಲೆ ನಿಲ್ಲಲಿಲ್ಲ. ಈಗ ಇಡೀ ವರ್ಷದ ದತ್ತಾಂಶವನ್ನು ಮೊದಲು ಹೊಂದಿಸಿ, ನೆರೆಯ ಮೂಲಗಳ ರೋಹಿತದ (ಯಾವ ಶಕ್ತಿಯಲ್ಲಿ ಎಷ್ಟು ಬೆಳಕು ಎಂಬುದರ) ಆಕಾರವನ್ನು ಬಿಗಿದು, ಆಮೇಲಷ್ಟೇ ದಿನಗಳಿಗೆ ಇಳಿಯುತ್ತೇನೆ. ಯಾವ ನೆರೆಯವನನ್ನು ಯಾವ ಕ್ರಮದಲ್ಲಿ ಬಿಗಿಯುತ್ತೇನೆ, ಕ್ಷೀರಪಥದ ಹಿನ್ನೆಲೆಯನ್ನು ಹೇಗೆ ನಿಭಾಯಿಸುತ್ತೇನೆ ಎಂಬುದನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಂಡಿದ್ದೇನೆ.

ನಡುವೆ ಜೆಮಿಂಗಾ ಪಲ್ಸಾರಿನ ಫೋಟಾನುಗಳನ್ನು ಅದರ 0.237 ಸೆಕೆಂಡಿನ ಅವಧಿಗೆ ಮಡಚಿ, ಅಂದರೆ ಪ್ರತಿ ಸುತ್ತನ್ನೂ ಒಂದರ ಮೇಲೊಂದು ಪೇರಿಸಿ, ನೋಡಿದೆ. ಭೂಮಿಯ ಚಲನೆಯ ಪರಿಣಾಮ ಕಳೆಯಲು ಫೋಟಾನು ಬಂದ ಕಾಲವನ್ನು ಸೌರವ್ಯೂಹದ ದ್ರವ್ಯಕೇಂದ್ರಕ್ಕೆ ತಿದ್ದಬೇಕು; ಹಾಗೆ ತಿದ್ದದೆ ಮಡಚಿದಾಗ ಸಪಾಟು ಗೆರೆ ಬಂತು. ತಿದ್ದಿದಾಗ ಅರ್ಧ ಅವಧಿಯ ಅಂತರದಲ್ಲಿ ಎರಡು ಶಿಖರಗಳು ಎದ್ದು ನಿಂತವು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಕೊನೆಗೆ ನನ್ನ ಬ್ಲೇಜಾರಿನ 2010ರ ನವೆಂಬರ್ 20ರ ಬಿಂದು, ನೆನಪಿನಂತೆ, ಒಂದು ಲಕ್ಷ ಚದರ ಸೆಂಟಿಮೀಟರಿಗೆ ಸೆಕೆಂಡಿಗೆ ಆರೇಳು ಫೋಟಾನುಗಳ ಮಟ್ಟದಲ್ಲಿ ಕೂತಿತು. ಪ್ರಕಟವಾಗಿರುವ ಅಳತೆಯೂ ಅಷ್ಟೇ. ಅದೇ ವಿಧಾನದಲ್ಲಿ ವೇಲಾವನ್ನು ಓಡಿಸಿದರೆ ಗೆರೆ ನೇರವಾಗಿಯೇ ಉಳಿಯಿತು. ಅಂದು ಸಂದೇಹಪಟ್ಟವರು ಎರಡೂ ಚಿತ್ರಗಳನ್ನು ಬಹಳ ಹೊತ್ತು ನೋಡಿದರು. ಈಗ ಅದೇ ವಾರವನ್ನು ಆರು ಗಂಟೆಗಳ ತುಣುಕುಗಳಾಗಿ ಓಡಿಸುತ್ತಿದ್ದೇನೆ; ದೂರದರ್ಶಕವು ಆಗ ಇಡೀ ಆಕಾಶವನ್ನು ಒಮ್ಮೆ ನೋಡಲು ಎರಡು ಸುತ್ತು, ಅಂದರೆ ಸುಮಾರು ಮೂರು ಗಂಟೆ, ತೆಗೆದುಕೊಳ್ಳುತ್ತಿದ್ದುದರಿಂದ ಅದಕ್ಕಿಂತ ಸಣ್ಣ ತುಣುಕಿಗೆ ಇಳಿಯುವ ಯೋಚನೆ ನನಗಿಲ್ಲ.