ಕಾಯಿ ಹೊತ್ತು ಬಂದ ಮೇಲೆ ಮಗ ಊಟಕ್ಕೆ ಕೂತ

ನನ್ನ ಮಗನಿಗೆ ಈಗ ಒಂಬತ್ತು ವರ್ಷ. ಮೂರು ವರ್ಷದವನಿದ್ದಾಗ ಕುಕ್ಕರ್ ಕೂಗಿದರೆ ಸಾಕು, ಎರಡೂ ಕಿವಿ ಮುಚ್ಚಿಕೊಂಡು ಮಂಚದ ಕೆಳಗೆ ಹೋಗಿ ಸೇರಿಕೊಳ್ಳುತ್ತಿದ್ದ. ಹೊಸ ಅಂಗಿ ಹಾಕಿದರೆ ಕುತ್ತಿಗೆ ಹಿಂದಿನ ಲೇಬಲ್ ಚುಚ್ಚುತ್ತದೆ ಅಂತ ಕಿತ್ತೆಸೆಯುತ್ತಿದ್ದ. ಅದೇ ಹುಡುಗ ದಿನವಿಡೀ ಸೋಫಾ ಮೇಲಿಂದ ಧುಮುಕುತ್ತಿದ್ದ, ಓಡಿ ಬಂದು ಗೋಡೆಗೆ ಡಿಕ್ಕಿ ಹೊಡೆಯುತ್ತಿದ್ದ, ಬಿದ್ದರೂ ಅಳುತ್ತಿರಲಿಲ್ಲ. ನಮಗೆ ತಲೆಬುಡ ಗೊತ್ತಾಗಲಿಲ್ಲ. ಮನೆಗೆ ಬಂದವರೆಲ್ಲ ಮುದ್ದು ಜಾಸ್ತಿಯಾಗಿದೆ, ಹಟ ಅಂದರು. ನಾನೂ ಎರಡು ಸಲ ಹೊಡೆದಿದ್ದೇನೆ. ಅದು ಇವತ್ತಿಗೂ ನನ್ನನ್ನು ಕೊರೆಯುತ್ತದೆ.

ಹಟ ಅಲ್ಲ ಅಂತ ಮೊದಲು ಹೇಳಿದವರು ಬೆಂಗಳೂರಿನ ಒಬ್ಬರು ಆಕ್ಯುಪೇಷನಲ್ ಥೆರಪಿಸ್ಟ್, ಅಂದರೆ ಊಟ, ಬಟ್ಟೆ, ಆಟದಂಥ ದಿನನಿತ್ಯದ ಕೆಲಸಗಳು ಮಕ್ಕಳಿಗೆ ಸಾಧ್ಯವಾಗುವ ಹಾಗೆ ತರಬೇತಿ ಕೊಡುವವರು. ಕಣ್ಣು, ಕಿವಿ, ಮೂಗು, ನಾಲಿಗೆ, ಚರ್ಮ ಅಂತ ಐದನ್ನು ನಾವು ಶಾಲೆಯಲ್ಲಿ ಕಲಿತಿದ್ದೇವೆ, ಅಲ್ವಾ? ಇನ್ನೂ ಎರಡಿವೆ ಅಂದರು. ಒಂದು ಒಳಗಿವಿಯಲ್ಲಿರುವ ಸಮತೋಲನದ ಅರಿವು, ಇನ್ನೊಂದು ಕೈಕಾಲು ಎಲ್ಲಿವೆ, ಎಷ್ಟು ಬಲ ಹಾಕುತ್ತಿವೆ ಅಂತ ಸ್ನಾಯು ಮತ್ತು ಕೀಲುಗಳಿಂದ ಬರುವ ಅರಿವು. ನನ್ನ ಮಗನಿಗೆ ಸದ್ದು, ಸ್ಪರ್ಶ ಎರಡೂ ಅಳತೆ ಮೀರಿ ಒಳಗೆ ಬರುತ್ತವೆ, ಸ್ನಾಯುಗಳಿಂದ ಬರಬೇಕಾದದ್ದು ಸಾಲುವುದಿಲ್ಲ, ಅದಕ್ಕೇ ಗೋಡೆಗೆ ಗುದ್ದಿ ಅದನ್ನು ತುಂಬಿಕೊಳ್ಳುತ್ತಾನೆ. ಜೀನ್ ಏರ್ಸ್ ಎಂಬ ಅಮೆರಿಕದ ಥೆರಪಿಸ್ಟ್ 1970ರ ದಶಕದಲ್ಲೇ ಇದನ್ನು ವಿವರಿಸಿ ಬರೆದಿದ್ದರಂತೆ. ಮುಂದಿನ ಪರೀಕ್ಷೆಗಳಲ್ಲಿ ಅವನಿಗೆ ಆಟಿಸಂ, ಅಂದರೆ ಮಿದುಳು ಬೆಳೆಯುವ ರೀತಿಯೇ ಬೇರೆಯಾಗಿರುವ ಸ್ಥಿತಿ, ಇದೆ ಅಂತಲೂ ಗೊತ್ತಾಯಿತು. ನಾನು ಇಲ್ಲಿ ಬರೆಯುತ್ತಿರುವ ಯಾವುದೂ ಆಟಿಸಂ ಹೋಗಿಸುವ ಉಪಾಯವಲ್ಲ. ಅವನ ದಿನಗಳನ್ನು ಅವನಿಗೆ ಸಹಿಸುವ ಹಾಗೆ ಮಾಡಿದ್ದು ಹೇಗೆ ಅನ್ನುವುದಷ್ಟೇ.

2020ರ ಲಾಕ್‌ಡೌನ್‌ನಲ್ಲಿ ತಿಪಟೂರು ಹತ್ತಿರದ ನಮ್ಮ ಅತ್ತೆ ಮನೆಗೆ ಬಂದೆವು. ಥೆರಪಿ ನಿಂತು ಹೋಯಿತು, ವಾರಕ್ಕೊಮ್ಮೆ ಫೋನಿನಲ್ಲಿ ಮಾತಾಡುವುದಷ್ಟೇ. ಥೆರಪಿಯಲ್ಲಿ ಬಳಸುವ ದೊಡ್ಡ ಚೆಂಡಿಲ್ಲ, ತೂಕದ ಜಾಕೆಟ್ ಇಲ್ಲ, ಏನು ಮಾಡಲಿ ಮೇಡಂ ಅಂತ ಕೇಳಿದೆ. ಮನೆಯಲ್ಲಿ ಎತ್ತುವಂಥದ್ದು, ಎಳೆಯುವಂಥದ್ದು, ತಳ್ಳುವಂಥದ್ದು ಏನಿದೆ ಹೇಳಿ ಅಂದರು. ಅಂಗಳದಲ್ಲಿ ಕಿತ್ತು ಹಾಕಿದ ತೆಂಗಿನಕಾಯಿಯ ರಾಶಿ ಇತ್ತು. ಮಟ್ಟೆ ಸಮೇತ ಒಂದೊಂದು ಕಾಯಿ ಒಂದು ಕಿಲೋ ಮೇಲೆಯೇ ಬರುತ್ತದೆ. ಮಗ ಒಂದೊಂದನ್ನೇ ಹೊಟ್ಟೆಗೆ ಅವಚಿಕೊಂಡು ಅಟ್ಟದ ಏಣಿಯ ತನಕ ತಂದಿಟ್ಟ, ಮೇಲಿಂದ ಅವರಪ್ಪ ತೆಗೆದುಕೊಂಡರು. ಮೂವತ್ತೋ ನಲವತ್ತೋ ಆಗಿರಬೇಕು. ಬೆವೆತು ಬಂದವನು ಕೈ ತೊಳೆದು ಎಲೆ ಮುಂದೆ ಕೂತ, ಊಟ ಮುಗಿಯುವ ತನಕ ಏಳಲಿಲ್ಲ. ಅಲ್ಲಿಯವರೆಗೆ ಅವನು ಎರಡು ತುತ್ತಿಗೊಮ್ಮೆ ಎದ್ದು ಓಡುವವನು. ನಾನು ಅಡುಗೆಮನೆಗೆ ಹೋಗಿ ಅತ್ತುಬಿಟ್ಟೆ.

ಅಲ್ಲಿಂದ ಅದೇ ನಮ್ಮ ದಿನಚರಿ ಆಯಿತು. ಬೆಳಿಗ್ಗೆ ಅರ್ಧ ಗಂಟೆ, ಸಂಜೆ ಅರ್ಧ ಗಂಟೆ ಮೈ ಬಗ್ಗಿಸುವ ಕೆಲಸ. ಒಣಗಿದ ಗರಿ ಎಳೆದು ತರುವುದು, ಗಿಡಗಳಿಗೆ ಸಣ್ಣ ಕೊಡದಲ್ಲಿ ನೀರು ಹೊರುವುದು, ಅಜ್ಜಿ ಜೊತೆ ಬೀಸುವ ಕಲ್ಲಿನ ಗೂಟ ಹಿಡಿದು ತಿರುಗಿಸುವುದು. ಸುಮ್ನೆ ವ್ಯಾಯಾಮ ಮಾಡು ಅಂದರೆ ಅವನು ಮಾಡುವುದಿಲ್ಲ, ನಿಜವಾದ ಕೆಲಸ ಆಗಿರಬೇಕು. ಅಟ್ಟದ ಮೇಲೆ ಹತ್ತು ಹನ್ನೊಂದು ತಿಂಗಳು ಇಟ್ಟ ಕಾಯಿಯಲ್ಲಿ ನೀರು ಇಂಗಿ, ಒಳಗೆ ಕೊಬ್ಬರಿ ಗಿಟುಕು ಚಿಪ್ಪಿನಿಂದ ಬಿಟ್ಟುಕೊಂಡಾಗ ಅಲ್ಲಾಡಿಸಿದರೆ ಲೊಟಲೊಟ ಅನ್ನುತ್ತದೆ. ಯಾವುದು ಆಗಿದೆ, ಯಾವುದು ಇನ್ನೂ ಹಸಿ ಅಂತ ಅವನು ಕಿವಿಯ ಹತ್ತಿರ ಹಿಡಿದು ನಮ್ಮೆಲ್ಲರಿಗಿಂತ ಬೇಗ ಹೇಳುತ್ತಾನೆ. ಅವನು ತಾನೇ ಮಾಡುವ ಸದ್ದು ಅವನಿಗೆ ನೋಯಿಸುವುದಿಲ್ಲ ಅಂತ ನನಗೆ ತಿಳಿದದ್ದು ಹಾಗೆ.

ತೊಲೆಗೆ ಹಳೆಯ ಸೀರೆಯ ಜೋಕಾಲಿ ಕಟ್ಟಿದೆವು. ಅದರಲ್ಲಿ ನಾನೊಂದು ತಪ್ಪು ಮಾಡಿದೆ. ಗಿರಗಿರ ಸುತ್ತಿಸಿದರೆ ಕೇಕೆ ಹಾಕುತ್ತಾನೆ ಅಂತ ಸಂಜೆ ಹೊತ್ತು ಸುತ್ತಿಸುತ್ತಿದ್ದೆ, ರಾತ್ರಿ ಒಂದು ಗಂಟೆಯಾದರೂ ನಿದ್ದೆ ಬರುತ್ತಿರಲಿಲ್ಲ. ಹಿಂದಕ್ಕೂ ಮುಂದಕ್ಕೂ ನಿಧಾನ ತೂಗಿದರೆ ಮೈ ತಣಿಯುತ್ತದೆ, ಸುತ್ತಿಸಿದರೆ ಕೆರಳುತ್ತದೆ ಅಂತ ಮೇಡಂ ಹೇಳಿದ ಮೇಲೆ ಬಿಟ್ಟೆ.

ಎಣ್ಣೆ ಸ್ನಾನದ್ದೂ ಹಾಗೆಯೇ. ನಾನು ಹೆದರಿ ಹೆದರಿ ಮೆಲ್ಲಗೆ ಸವರಿದರೆ ಕಿರುಚುತ್ತಿದ್ದ. ಅತ್ತೆ ಬಾಣಂತಿ ಮನೆಯ ಮಕ್ಕಳಿಗೆ ತಿಕ್ಕುವ ಹಾಗೆ ಅಂಗೈ ಪೂರ್ತಿ ಊರಿ ಉದ್ದಕ್ಕೆ ಒತ್ತಿ ತಿಕ್ಕಿದರು, ಅವರ ತೊಡೆ ಮೇಲೆ ಹಾಗೆಯೇ ಮಲಗಿಬಿಟ್ಟ. ಮೆಲ್ಲನೆಯ ಸ್ಪರ್ಶವೇ ಈ ಮಕ್ಕಳಲ್ಲಿ ಹಲವರಿಗೆ ಕಷ್ಟ. ತಲೆಗೆ ನೀರು ಮಾತ್ರ ನಾವು ಹಾಕುವುದಿಲ್ಲ, ಚೊಂಬು ಅವನ ಕೈಗೇ ಕೊಡುತ್ತೇವೆ. ಸಂಜೆ ಕಥೆ ಓದುವಾಗ ಕರಿ ಕಂಬಳಿಯನ್ನು ಹಳೆಯ ಹತ್ತಿ ಸೀರೆಯೊಳಗೆ ಹಾಕಿ ಹೊದಿಸುತ್ತೇನೆ, ಬರೀ ಕಂಬಳಿ ಆದರೆ ಚುಚ್ಚುತ್ತದೆ. ನಿದ್ದೆ ಹತ್ತಿದ ಮೇಲೆ ತೆಗೆದುಬಿಡುತ್ತೇನೆ. ತೂಕದ ಹೊದಿಕೆ ರಾತ್ರಿಯೆಲ್ಲ ಮಗುವಿನ ಮೈಮೇಲೆ ಇರಬಾರದು, ಮುಖದ ಮೇಲೆ ಬರಲೇಬಾರದು.

ಊಟದ ವಿಷಯದಲ್ಲಿ ನಾವು ಎಡವಿದ್ದನ್ನು ಬಿಡಿಸಿ ಹೇಳಬೇಕು. ಗೋಧಿ, ಹಾಲು ಪೂರ್ತಿ ಬಿಡಿಸಿದರೆ ಈ ಮಕ್ಕಳು ಸರಿಹೋಗುತ್ತಾರೆ ಅಂತ ನೆಂಟರೊಬ್ಬರು ಹೇಳಿದರು. ಅವನು ತಿನ್ನುತ್ತಿದ್ದದ್ದೇ ಐದು ಪದಾರ್ಥ: ಒಗ್ಗರಣೆ ಹಾಕದ ಮೊಸರನ್ನ, ಚಪಾತಿ, ದೋಸೆ, ಬಾಳೆಹಣ್ಣು, ಬಿಸ್ಕತ್ತು. ಅದರಲ್ಲಿ ಮೂರು ಹೋದವು. ಮೂರು ತಿಂಗಳಲ್ಲಿ ಒಂದೂವರೆ ಕಿಲೋ ಇಳಿದ, ನಡವಳಿಕೆಯಲ್ಲಿ ಏನೂ ಬದಲಾಗಲಿಲ್ಲ. ಮಕ್ಕಳ ಡಾಕ್ಟರು ನೋಡಿ, ಅಲರ್ಜಿ ಇಲ್ಲದ ಮಗುವಿಗೆ ಯಾಕೆ ಇದು ಅಂದರು. ಮಾರನೇ ದಿನವೇ ಮೊಸರನ್ನ ಕೊಟ್ಟೆ, ಎರಡು ಬಟ್ಟಲು ತಿಂದ.

ಮಣ್ಣು ತಿನ್ನುವ ಚಟವೂ ಇತ್ತು. ಬಾಯಿಗೆ ಏನಾದರೂ ಬೇಕೆನಿಸುವ ಮಗು, ಇರಲಿ ಅಂದುಕೊಂಡಿದ್ದೆ. ರಕ್ತ ಪರೀಕ್ಷೆಯಲ್ಲಿ ಕಬ್ಬಿಣದಂಶ ತೀರಾ ಕಡಿಮೆ ಇತ್ತು. ರಾಗಿ, ಸೊಪ್ಪು ಕೊಟ್ಟರೆ ಸಾಕು ಅನ್ನುವ ಹಂತ ದಾಟಿತ್ತು. ಡಾಕ್ಟರು ಬರೆದುಕೊಟ್ಟ ಕಬ್ಬಿಣದ ಔಷಧಿ ಕೊಟ್ಟ ಮೇಲೆ ಕೆಲವು ತಿಂಗಳಲ್ಲಿ ಮಣ್ಣು ತಿನ್ನುವುದು ನಿಂತಿತು. ಲಸಿಕೆಗಳನ್ನೂ ಒಂದೂ ಬಿಡದೆ ಹಾಕಿಸಿದ್ದೇವೆ. ಹಳ್ಳಿಯಲ್ಲಿ ಬದುಕುವುದಕ್ಕೂ ಆಸ್ಪತ್ರೆಗೆ ಹೋಗುವುದಕ್ಕೂ ಜಗಳವಿಲ್ಲ. ಯಾರೋ ತಂದುಕೊಟ್ಟ ಹೆಸರಿಲ್ಲದ ಭಸ್ಮವನ್ನು ಮಾತ್ರ ಕೊಡಲಿಲ್ಲ. ಅಂಥ ಕೆಲವು ಪುಡಿಗಳಲ್ಲಿ ಸೀಸ ಇರುತ್ತದೆ, ಸೀಸ ಮಕ್ಕಳ ಮಿದುಳಿಗೇ ಪೆಟ್ಟು.

ಅಂಗಿಯ ಕಾಲರ್ ಅಗಿಯುತ್ತಿದ್ದ, ಅದರ ಬದಲು ಕೊಬ್ಬರಿ ಚೂರು, ಕಬ್ಬು, ಹುರಿಗಾಳು ಕೊಟ್ಟೆ. ಕಾಲರ್ ಉಳಿಯಿತು. ತೀರಾ ಚಿಕ್ಕ ಮಕ್ಕಳಿಗೆ ಇವು ಗಂಟಲಲ್ಲಿ ಸಿಕ್ಕುತ್ತವೆ, ಕೊಡಬೇಡಿ.

ಹಳ್ಳಿ ಅಂದರೆ ನಿಶ್ಶಬ್ದ ಅಂತ ಬೆಂಗಳೂರಿನ ಗೆಳತಿಯರು ಅಂದುಕೊಂಡಿದ್ದಾರೆ. ಇಲ್ಲಿ ಬೋರಿನ ಮೋಟರಿದೆ, ಟ್ರ್ಯಾಕ್ಟರಿದೆ, ಬೆಳಗಿನ ಜಾವ ಗುಡಿಯ ಮೈಕಿದೆ, ದೀಪಾವಳಿ ಪಟಾಕಿಯಿದೆ. ಜಾತ್ರೆಯಲ್ಲಿ ತೇರನ್ನು ದೂರದ ಮನೆಯ ತಾರಸಿ ಮೇಲಿಂದ ನೋಡುತ್ತೇವೆ, ಕಾರ್ಖಾನೆಯವರು ಹಾಕುವ ಕಿವಿ ಮುಚ್ಚಳ ಹಾಕಿಕೊಂಡು. ಬಾಳೆಹಣ್ಣು ಎಸೆಯಲು ಕೈ ಕುಣಿಯುತ್ತದೆ ಅವನಿಗೆ, ಇನ್ನೂ ಹತ್ತಿರ ಹೋಗಿಲ್ಲ. ಶಾಲೆಯಲ್ಲಿ ಗಂಟೆ ಹೊಡೆದರೆ ಮೊದಮೊದಲು ಬೆಂಚಿನ ಕೆಳಗೆ ಹೋಗುತ್ತಿದ್ದ. ಕಾಯಿ ಅಲ್ಲಾಡಿಸುವ ಕಥೆಯನ್ನು ಮೇಷ್ಟ್ರಿಗೆ ಹೇಳಿದೆ. ಅವರು ಗಂಟೆ ಹೊಡೆಯುವ ಕೆಲಸವನ್ನೇ ಅವನಿಗೆ ಕೊಟ್ಟರು.

ತಲೆಕೂದಲು ಕತ್ತರಿಸುವುದು ಇನ್ನೂ ಕಷ್ಟವೇ. ಅಂಗಡಿಗೆ ಕರೆದುಕೊಂಡು ಹೋಗುವುದಿಲ್ಲ. ಕಾಯಿ ಹೊತ್ತು ದಣಿದ ಮೇಲೆ, ಅಂಗಳದಲ್ಲಿ ಕೂರಿಸಿ, ಕತ್ತರಿಯನ್ನು ಮೊದಲು ಅವನ ಕೈಗೆ ಕೊಟ್ಟು, ಎಷ್ಟು ಸಲ ಕತ್ತರಿಸುತ್ತೇನೆ ಅಂತ ಎಣಿಸಿ ಹೇಳಿ ಶುರು ಮಾಡುತ್ತೇನೆ. ಸಾಕು ಅಂದ ತಕ್ಷಣ ನಿಲ್ಲಿಸುತ್ತೇನೆ. ಈ ಭಾನುವಾರ ಎಡಗಡೆ ಆಗಿದೆ. "ಬಲಗಡೆ ಬುಧವಾರ ಮಾಡೋಣ ಅಮ್ಮ" ಅಂದಿದ್ದಾನೆ.